ನಮ್ಮೂರ ಮಣ್ಣು, ಭಾಗ 4: ನನ್ನ ಬೂಟಿನ ಕೆಳಗಿದ್ದವನು

ಈ ಸಲದ ಫೋಟೊ ಹೊಸದಲ್ಲ. ಒಂಬತ್ತನೇ ಕ್ಲಾಸಲ್ಲಿ ತೆಗೆದದ್ದು. ಶಿವಪ್ಪ ನಾಯಕ ಅರಮನೆ ಮ್ಯೂಸಿಯಂನ ಅಂಗಳ, ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಒಂದು ಕಲ್ಲಿನ ಮೇಲೆ ಕಾಲಿಟ್ಟು ನಿಂತಿರೋನು ನಾನೇ. ‘ದುರ್ಗಿಗುಡಿ ಕಿಂಗ್’ ಅಂತ ಹಾಕಿದ್ದೆ, ನೆನಪಿದ್ಯಾ? ನೀವೆಲ್ಲ ಬೆಂಕಿ ಎಮೋಜಿ ಒತ್ತಿದ್ರಿ.

ಹೋದ ವಾರ ಮೊಬೈಲ್ ನೋಡ್ತಿದ್ದ ಅಜ್ಜಿ ಆ ಫೋಟೊ ಹತ್ರ ನಿಂತುಬಿಟ್ರು. “ಇದು ವೀರಗಲ್ಲು ಕಣೋ. ಯಾರೋ ತಾಯಿ ಹೆತ್ತ ಮಗ ಸತ್ತಿದ್ದಕ್ಕೆ ನಿಲ್ಲಿಸಿದ್ದು. ನಮ್ಮೂರಲ್ಲಿ ಇದಕ್ಕೆ ಕುಂಕುಮ ಇಡ್ತೀವಿ. ನೀನು ಬೂಟು ಇಟ್ಟಿದ್ದೀಯ.”

ಮರುದಿನ ಬೆಳಿಗ್ಗೆ ಒಬ್ಬನೇ ಕೋಟೆ ರಸ್ತೆಗೆ ನಡೆದು ಹೋದೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಅವನು ಹೋರಾಡ್ತಿದ್ದಾನೆ. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ತಿದ್ದಾರೆ. ಮೇಲೆ, ಶಿವಲಿಂಗದ ಮುಂದೆ ಕೂತಿದ್ದಾನೆ. ಇಂಥ ಎಷ್ಟೋ ಕಲ್ಲು ನಿಂತಿರೋದು ರಾಜರಿಗಲ್ಲ, ಊರಿನ ದನ ಕಾಯೋಕೆ ಹೋಗಿ ಸತ್ತವರಿಗೆ. ನನ್ನ ಬೂಟಿದ್ದದ್ದು ಸರಿಯಾಗಿ ಕೆಳಗಿನ ಪಟ್ಟಿಕೆ ಮೇಲೆ.

ಅಲ್ಲೇ ಕೂತು ಸುತ್ತ ನೋಡಿದೆ. ಜಿಲ್ಲೆಯ ಬೇರೆಬೇರೆ ಊರುಗಳಿಂದ ತಂದ ವೀರಗಲ್ಲು, ಮಾಸ್ತಿಗಲ್ಲು, ಶಾಸನಗಳು. ಒಳಗೆ ದಪ್ಪ ಮರದ ಕಂಬಗಳ ದರ್ಬಾರ್ ಹಾಲ್. ಹೆಸರು 17ನೇ ಶತಮಾನದ ಕೆಳದಿ ಅರಸನದ್ದು. ಆದ್ರೆ ಈಗಿರೋ ಕಟ್ಟಡ ಹೈದರಾಲಿ ಕಾಲದ್ದು ಅನ್ನೋರೂ ಇದ್ದಾರೆ. ಅದೇ ಹೈದರ್ 1763ರಲ್ಲಿ ಕೆಳದಿಯವರ ಬಿದನೂರು ಗೆದ್ದ. ಅದೇ ಇವತ್ತಿನ ನಗರ. 2018ರಲ್ಲಿ ಅಲ್ಲಿನ ಒಂದು ಹಾಳು ಬಾವಿಯ ಕೆಸರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಸಿಕ್ಕಿ, ಈ ಮ್ಯೂಸಿಯಂಗೇ ಬಂದ್ವು. ಮೈಸೂರಿನ ಇಂಥ ರಾಕೆಟ್ ನೋಡಿಯೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು.

ಯೋಚನೆ ಮಾಡಿ. ದನ ಕಾದವನು, ಕೆಳದಿಯವರು, ಹೈದರ್, ಟಿಪ್ಪು, ಎಲ್ಲರೂ ತುಂಗೆ ದಡದ ಒಂದೇ ಕಾಂಪೌಂಡಲ್ಲಿ. ನಾವು ದಿನಾ ಬಸ್ಸಲ್ಲಿ ಅದರ ಮುಂದೆನೇ ಹೋಗ್ತೀವಿ, ತಲೆ ಮೊಬೈಲಲ್ಲಿ.

ಆ ಫೋಟೊ ಡಿಲೀಟ್ ಮಾಡೋಣ ಅಂದ್ಕೊಂಡೆ. ಮಾಡ್ಲಿಲ್ಲ. ಮಾಡಿದ್ರೆ ತಪ್ಪು ಮುಚ್ಚಿಟ್ಟ ಹಾಗಾಗುತ್ತೆ. ‘ಕಿಂಗ್’ ಅನ್ನೋದನ್ನ ಮಾತ್ರ ತೆಗೆದೆ.

ಅವತ್ತು ಪಕ್ಕದಲ್ಲಿ ನಿಂತು ನಕ್ಕವರೇ, ಭಾನುವಾರ ಬರ್ತೀರಾ? ಅಜ್ಜಿನೂ ಬರ್ತಾರೆ. ಈ ಸಲ ಕಲ್ಲಿನ ಫೋಟೊ ತೆಗೆಯೋಣ, ನಮ್ಮದು ಬೇಡ.