ಪೈಸೆ ಎಲ್ಲಿ ಬಿಡಬೇಕು

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಎಂದಾಯಿತು. ಹದಿನಾರಾಣೆ ಲೆಕ್ಕ ಬಾಯಿಪಾಠವಾಗಿದ್ದ ಅಂಗಡಿ ಗುಮಾಸ್ತರಿಗೆ ಅಂದಿನಿಂದ ಹೊಸ ಪೇಚು. ಆಣೆಗೆ ಆರೂಕಾಲು ಪೈಸೆ, ಆದರೆ ಕಾಲು ಪೈಸೆಗೆ ನಾಣ್ಯವೇ ಇಲ್ಲ. ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದಿತ್ತು. ಒಂದೊಂದಾಣೆಯ ಸಾಮಾನನ್ನು ನಾಲ್ಕು ಸಲ ಕೊಂಡವರು ಕೊಟ್ಟದ್ದು 24, ಒಟ್ಟಿಗೆ ಕೊಂಡವರು 25.

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಹಾರ್ಡ್‌ವೇರ್ ಅಂಗಡಿಯ ಕಿರ್ದಿ ಬರೆದು ವಯಸ್ಸಾದ ಹಿರಿಯರೊಬ್ಬರಿಗೆ ಈ ಪಾಠ ಚೆನ್ನಾಗಿ ಗೊತ್ತು. ಅವರ ಕಾಲದಲ್ಲಿ ಪೈಸೆಗೆ ಬಲತುದಿಯಲ್ಲಿ ಬೇರೆ ಕಾಲಂ. ಮೊದಲು ಪೈಸೆ ಕೂಡಿ, ನೂರಾದರೆ ದಶಕ ಹಿಡಿದಂತೆ ರೂಪಾಯಿ ಕಾಲಂಗೆ ಒಯ್ಯುವುದು. ನಡುವೆ ಯಾವ ಸಾಲಿನಲ್ಲೂ ಒಂದು ಪೈಸೆ ಬಿಡುವಂತಿಲ್ಲ. ಚಿಲ್ಲರೆ ಬಿಡುವುದಿದ್ದರೆ ಕೊನೆಯ ಮೊತ್ತದಲ್ಲಿ ಮಾತ್ರ, ಅದೂ ‘ರೌಂಡ್ ಆಫ್’ ಎಂದು ಬೇರೆ ಸಾಲು ಬರೆದು.

ಆಮೇಲೆ ಕಂಪ್ಯೂಟರ್ ಬಂತು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆಯೂ ನಿಂತಿತು.

ಜಿಎಸ್‌ಟಿ ಬಂದ ಮೇಲೆ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗೂ ಹಿರಿಯರ ಕೈಲೆಕ್ಕಕ್ಕೂ ತಾಳೆಯಾಗಲಿಲ್ಲ. ಹತ್ತು ಬಗೆಯ ಬೋಲ್ಟು, ಒಂದೊಂದು ₹12.25 ಎಂದಿಟ್ಟುಕೊಳ್ಳಿ. ಶೇ. 18ರಂತೆ ಒಂದಕ್ಕೆ ತೆರಿಗೆ ₹2.205, ಹತ್ತಕ್ಕೆ ₹22.05. ಡೇಟಾಬೇಸಿನ ಕ್ವೆರಿಯಲ್ಲಿ ಪ್ರತಿ ಸಾಲಿಗೂ ‘ಟ್ರಂಕೇಟ್’ ಹಾಕಿದರೆ 2.20ರಂತೆ ₹22.00. ‘ರೌಂಡ್’ ಹಾಕಿದರೆ 2.21ರಂತೆ ₹22.10. ಎರಡೂ ತಪ್ಪು. ಹತ್ತೂ ಸಾಲು ಕೂಡಿ ಆಮೇಲೆ ದಶಾಂಶ ಕತ್ತರಿಸಿದರೆ ಮಾತ್ರ ಸರಿಯಾದ ಮೊತ್ತ ಸಿಗುತ್ತದೆ. ದುಡ್ಡನ್ನು ‘ಫ್ಲೋಟ್’ ಕಾಲಂನಲ್ಲಿ ಇಟ್ಟರೆ ಇನ್ನೊಂದು ತೊಂದರೆ: ಅದು ಸಂಖ್ಯೆಯನ್ನು ಎರಡರ ಲೆಕ್ಕದಲ್ಲಿ ಹಿಡಿದಿಡುವುದರಿಂದ ಹತ್ತು ಪೈಸೆಯಂಥ 0.1 ಕೂಡ ಅಲ್ಲಿ ನಿಖರವಾಗಿ ಕೂರುವುದಿಲ್ಲ. ದುಡ್ಡಿಗೆ ‘ಡೆಸಿಮಲ್’ ಕಾಲಮ್ಮೇ ಆಗಬೇಕು.

ಕಾನೂನಿನಲ್ಲೂ ಚಿಲ್ಲರೆ ಬಿಡಲು ಜಾಗವಿದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ತೆರಿಗೆಯ ಮೊತ್ತದಲ್ಲಿ 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆಯಿದ್ದರೆ ಬಿಡುವುದು. ಹಿರಿಯರ ಕಿರ್ದಿಯ ಕೊನೆಯ ಸಾಲೂ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತಿತ್ತು. ಅವರ ಶಿಸ್ತು ಹಳೇ ಕಾಲದ್ದೆಂದು ತಳ್ಳಿಹಾಕುವಂಥದ್ದಲ್ಲ, ಇಂದಿನ ಪ್ರೋಗ್ರಾಮಿಗೂ ಅದೇ ಬೇಕು.

ಸಣ್ಣ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆಯುವ ಹುಡುಗ ಹುಡುಗಿಯರು ಅದನ್ನು ಗಿರಾಕಿಯ ಕೈಗೆ ಕೊಡುವ ಮೊದಲು ಹತ್ತು ಸಾಲಿನದೊಂದು ಬಿಲ್ ಮಾಡಿ, ಪೆನ್ನು ಹಿಡಿದು ಕೂಡಿ ನೋಡಲಿ.