ಮೂಲೆಯ ಲ್ಯಾಪ್‌ಟಾಪು, ಅತ್ತೆಯ ಪದಗಳು

14 ಅಕ್ಟೋಬರ್ 2025, ಮಂಗಳವಾರ
ಸಾಲಿಗ್ರಾಮ

ವಿಂಡೋಸ್ 10ರ ಆಯಸ್ಸು ಇವತ್ತಿಗೆ ಮುಗಿಯಿತು. ಇನ್ನು ಮೈಕ್ರೋಸಾಫ್ಟ್ ಅದಕ್ಕೆ ಮಾಮೂಲಿನಂತೆ ತೇಪೆ ಹಾಕುವುದಿಲ್ಲ. ನಮ್ಮ ಹಳೇ ಲ್ಯಾಪ್‌ಟಾಪಿಗೆ 11 ಹತ್ತುವುದಿಲ್ಲ. ಗುಜರಿಗೆ ಕೊಡೋಣವಾ ಎಂದು ನಮ್ಮ ಯಜಮಾನರು ಕೇಳಿದರು. ಬೇಡವೆಂದೆ. ಕೀಲಿಮಣೆಯ ಗುಂಡಿ ಕಿತ್ತುಹೋಗಿವೆ ಅಷ್ಟೆ, 8 ಜಿಬಿ ರ್‍ಯಾಮ್ ಗಟ್ಟಿಯಾಗಿದೆ. ರಾತ್ರಿ ಕೂತು ಡೆಬಿಯನ್ ಹಾಕಿ, ದೊಡ್ಡ ಹಾರ್ಡ್‌ಡಿಸ್ಕ್ ಸಿಕ್ಕಿಸಿ, ಬೀರುವಿನ ಪಕ್ಕದ ಮೂಲೆಯಲ್ಲಿ ಇಟ್ಟಿದ್ದೇನೆ. ಇನ್ನು ಅದೇ ನಮ್ಮ ಮನೆಯ ಸರ್ವರ್.

ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದೇ ಒಂದು ಲಾಭ. ಕರೆಂಟು ಹೋದರೂ ಥಟ್ಟನೆ ಆರುವುದಿಲ್ಲ, ಬೇರೆ ಯುಪಿಎಸ್ ಬೇಕಿಲ್ಲ. ಆದರೆ ಹಗಲೂ ರಾತ್ರಿ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಉಬ್ಬಬಹುದು. ಅದಕ್ಕೇ ಶೇ. 80ಕ್ಕೆ ನಿಲ್ಲುವಂತೆ ಕಟ್ಟು ಹಾಕಿದೆ. 15 ವ್ಯಾಟ್ ಲೆಕ್ಕದಲ್ಲಿ ತಿಂಗಳಿಗೆ 11 ಯೂನಿಟ್ ಹತ್ತಿರ ಉರಿಯುತ್ತದೆ. ಗೃಹಜ್ಯೋತಿಯ ಮಿತಿ ದಾಟಿದರೆ ನೀನೇ ಕಟ್ಟು ಅಂದರು ಇವರು. ಆಗಲಿ.

19 ಅಕ್ಟೋಬರ್, ಭಾನುವಾರ

ಇಷ್ಟೆಲ್ಲ ಯಾತಕ್ಕೆಂದು ಬರೆದಿಡಬೇಕು. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಪುಕ್ಕಟೆ ಜಾಗವನ್ನು 15 ಜಿಬಿಗೆ ನಿಲ್ಲಿಸಿದಾಗಲೇ ಮನೆಯಲ್ಲಿ ಗೊಣಗಾಟ ಶುರುವಾಗಿತ್ತು. ಆದರೆ ದುಡ್ಡೇ ಕಾರಣವಲ್ಲ, ತಿಂಗಳ ಬಾಡಿಗೆ ನಮಗೆ ಭಾರವೇನಲ್ಲ. ನಿಜವಾದ ಕಾರಣ ಮಾವನವರ ಟ್ರಂಕಿನಲ್ಲಿದ್ದ ಕ್ಯಾಸೆಟ್ಟುಗಳು. ನೆಂಟರಿಷ್ಟರ ಮದುವೆಗಳಲ್ಲಿ ಅತ್ತೆ ಮತ್ತು ಅವರ ವಾರಗೆಯ ಹೆಂಗಸರು ಹಾಡಿದ ಸೋಬಾನೆ ಪದಗಳನ್ನು ಮಾವ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು.

ಒಂದರಲ್ಲಿ ಟೇಪನ್ನು ಒತ್ತಿ ಹಿಡಿಯುವ ಪುಟ್ಟ ಪ್ಯಾಡು ಉದುರಿಹೋಗಿತ್ತು. ಸಿನಿಮಾ ಹಾಡಿನ ಕ್ಯಾಸೆಟ್ಟಿನ ತಿರುಪು ಬಿಚ್ಚಿ ಅದರದ್ದನ್ನು ಕಿತ್ತು ಅಂಟಿಸಿದೆ. ಇನ್ನೊಂದರ ಅಂಚಿಗೆ ಬೂಷ್ಟು ಬಂದಿದೆ, ಅದನ್ನು ಸದ್ಯಕ್ಕೆ ಮುಟ್ಟಿಲ್ಲ. ಪ್ಲೇಯರಿನ ಹೆಡ್ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ್ದೇ ತಡ, ಮಂಕಾಗಿದ್ದ ದನಿ ಬಿಡಿಸಿಕೊಂಡಿತು. ಬಳೆ ಸದ್ದೂ ಕೇಳಿಸಿತು. ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರು ಎಳೆದು ಆಡಾಸಿಟಿಯಲ್ಲಿ ರೆಕಾರ್ಡು ಮಾಡಿಕೊಂಡೆ. ಒಂದು ಗಂಟೆಯ ಸ್ಟೀರಿಯೋ ವೇವ್ ಕಡತ 600 ಎಂಬಿ ಮೀರುತ್ತದೆ. ಫ್ಲ್ಯಾಕ್‌ಗೆ ತಿರುಗಿಸಿದರೆ ಒಂದು ಚೂರೂ ಕಳೆಯದೆ ಅರ್ಧದ ಆಸುಪಾಸಿಗೆ ಇಳಿಯುತ್ತದೆ.

ಅತ್ತೆ ಪಕ್ಕದಲ್ಲೇ ಕೂತು ಕೇಳಿದರು. ಒಂದು ಕಡೆ ಹಾಡು ನಿಂತು, ತೀರಿಹೋದ ತಮ್ಮನನ್ನು ನೆನೆದು ಅವರು ಅಳುವುದೂ ಟೇಪಿನಲ್ಲಿದೆ. ಥಟ್ಟನೆ ಕೇಳಿದರು: "ಇದ್ನೂ ಆ ಫೋನಿನೊಳಗೆ ಬುಟ್ಟುಬುಟ್ಟೀಯವ್ವ? ಯಾರ್‍ಯಾರು ಕೇಳಾರು?"

ಮನೆಯೊಳಗೇ ಇರುತ್ತೆ ಅತ್ತೆ, ಎಂದೆ.

"ಹಂಗಾದ್ರೆ ಮಡಗು."

1 ನವೆಂಬರ್, ಶನಿವಾರ

ರಾಜ್ಯೋತ್ಸವ. ಶಾಲೆಯಲ್ಲಿ ಬಾವುಟ, ಭಾಷಣ ಮುಗಿಸಿ ಬಂದವಳು ಸಂಜೆವರೆಗೂ ಮೂಲೆ ಬಿಟ್ಟು ಏಳಲಿಲ್ಲ.

ಹಾಡು, ಹಳೇ ಮದುವೆ ವಿಡಿಯೋಗಳಿಗೆ ಜೆಲ್ಲಿಫಿನ್ ಹಾಕಿದೆ. ಎಂಬಿ (Emby) ಎಂಬ ತಂತ್ರಾಂಶದವರು ತಮ್ಮ ಕೋಡಿಗೆ ಬಾಗಿಲು ಹಾಕಿಕೊಂಡಾಗ, ಅಲ್ಲಿಯವರೆಗೆ ತೆರೆದಿದ್ದ ಭಾಗವನ್ನು ಹಿಡಿದುಕೊಂಡು 2018ರ ಡಿಸೆಂಬರಿನಲ್ಲಿ ಬೇರೆ ಒಲೆ ಹೂಡಿದವರು ಈ ಜೆಲ್ಲಿಫಿನ್‌ನವರು. ಫೋಟೋಗಳಿಗೆ ಇಮ್ಮಿಚ್. ಕಳೆದ ತಿಂಗಳಷ್ಟೇ ಅದರ ಸ್ಥಿರ ಆವೃತ್ತಿ 2.0 ಬಂತು. ನಾನು ಇಷ್ಟು ದಿನ ಕಾದದ್ದೂ ಅದಕ್ಕೇ.

ಮನೆಯ ವೈಫೈನಲ್ಲಿ ಎಲ್ಲ ಸಲೀಸು. ಡಲ್ಲಾಸಿನ ಮೈದುನನಿಗೆ ಮುಟ್ಟಿಸುವುದೇ ಪಾಡು. ಹಳೇ ಬಗೆಯ ಇಂಟರ್ನೆಟ್ ವಿಳಾಸಗಳು ಇಡೀ ಲೋಕಕ್ಕೆ 430 ಕೋಟಿಯಷ್ಟು, ಹಂಚಿ ಮುಗಿದಿವೆ. ಹಾಗಾಗಿ ಸಂಪರ್ಕ ಕೊಡುವವರು ಎಷ್ಟೋ ಮನೆಗಳನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುತ್ತಾರೆ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನವರಿಗೆ ನಮ್ಮ ಮನೆ ಯಾವುದೆಂದು ಗೊತ್ತಾಗದು. ಇದಕ್ಕೆ ಟೇಲ್‌ಸ್ಕೇಲ್ ಹಾಕಿದೆ. ಎರಡೂ ಕಡೆಯ ಸಾಧನಗಳು ತಾವಾಗಿ ಹೊರಟು ಒಬ್ಬರನ್ನೊಬ್ಬರು ಪತ್ತೆಹಚ್ಚಿಕೊಳ್ಳುತ್ತವೆ, ಆಮೇಲೆ ಮಾತೆಲ್ಲ ವೈರ್‌ಗಾರ್ಡಿನ ಬೀಗದೊಳಗೆ. ಯಾವ ಸಾಧನ ಯಾವುದನ್ನು ಸೇರಿತು ಎಂಬುದು ನಡುವೆ ನಿಂತ ಟೇಲ್‌ಸ್ಕೇಲ್ ಕಂಪನಿಗೆ ಗೊತ್ತಾಗುತ್ತದೆ, ಒಳಗಿನ ಮಾತು ಗೊತ್ತಾಗುವುದಿಲ್ಲ. ಅದೂ ಬೇಡ, ಆ ನಡುವಿನ ಕೆಲಸವನ್ನೂ ತಾವೇ ನಡೆಸುತ್ತೇವೆ ಎನ್ನುವವರಿಗೆ ಹೆಡ್‌ಸ್ಕೇಲ್ ಇದೆ. ನನಗೆ ಅಷ್ಟು ಹಟವಿಲ್ಲ. ಎಲ್ಲವೂ ಸ್ವಂತದ್ದು ಎಂದು ಹೇಳಿಕೊಳ್ಳುವುದು ಬಡಾಯಿ. ಇ-ಮೇಲನ್ನಂತೂ ಮನೆಗೆ ತರುವುದಿಲ್ಲ. ಮನೆಯ ಸಂಪರ್ಕದಿಂದ ಹೊರಟ ಟಪಾಲನ್ನು ದೊಡ್ಡ ಇ-ಮೇಲ್ ಕಂಪನಿಯವರು ನಂಬುವುದಿಲ್ಲ, ಸೀದಾ ಸ್ಪ್ಯಾಮಿಗೆ ತಳ್ಳುತ್ತಾರೆ.

16 ನವೆಂಬರ್, ಭಾನುವಾರ

ಮೊನ್ನೆ ಮಾಹಿತಿ ರಕ್ಷಣೆಯ ನಿಯಮಗಳು ಪ್ರಕಟವಾದವು. ಕಾಯ್ದೆ 2023ರದ್ದು, ನಿಯಮ ಬರಲು ಎರಡು ವರ್ಷ ಹಿಡಿಯಿತು. ಬಹುಪಾಲು ಜಾರಿಗೆ ಇನ್ನೂ ಒಂದೂವರೆ ವರ್ಷ ಇದೆಯಂತೆ. ಇದಕ್ಕೆಲ್ಲ ಬೇರು ಪುಟ್ಟಸ್ವಾಮಿಯವರ ಮೊಕದ್ದಮೆ. ನಮ್ಮ ಹೈಕೋರ್ಟಿನಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು.

ಮಗಳಿಗೆ ಇದನ್ನು ಉತ್ಸಾಹದಿಂದ ಹೇಳುತ್ತಿದ್ದೆ. ದ್ವಿತೀಯ ಪಿಯು ಹುಡುಗಿ, ಮೊಬೈಲಿನಲ್ಲಿ ಕಾಯ್ದೆ ತೆರೆದು ಓದಿಯೇಬಿಟ್ಟಳು. "ಅಮ್ಮ, ಮನೆಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಇದು ಅನ್ವಯಿಸಲ್ಲ ಅಂತಿದೆ. 18 ತುಂಬದವರಿಗೆ ಅಪ್ಪ ಅಮ್ಮನೇ ಒಪ್ಪಿಗೆ ಕೊಡಬೇಕಂತೆ. ಅಂದ್ರೆ ಗೂಗಲ್ ನನ್ನ ಫೋಟೋ ನೋಡಿದ್ರೆ ಕೇಳೋಕೆ ಕಾನೂನಿದೆ. ನೀನು ನೋಡಿದ್ರೆ?"

ಇಮ್ಮಿಚ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿದ್ದೇನೆ, ನಿನ್ನದು ನನಗೆ ಕಾಣುವುದಿಲ್ಲ ಎಂದೆ. ಅದು ನಿಜ, ಆದರೆ ಅರ್ಧ ನಿಜ. ಆ್ಯಪಿನಲ್ಲಿ ಕಾಣುವುದಿಲ್ಲ. ಡಿಸ್ಕಿನ ಫೋಲ್ಡರ್ ತೆರೆದರೆ ಚಿತ್ರಗಳೆಲ್ಲ ಬರಿಗಣ್ಣಿಗೆ ಸಿಗುತ್ತವೆ. ಅವಳಿಗೂ ಅದು ಗೊತ್ತು. ಇದಲ್ಲದೆ ಮುಖ ಗುರುತಿಸುವ ಕೆಲಸವನ್ನು ಈ ಯಂತ್ರವೇ ರಾತ್ರಿಯೆಲ್ಲ ಮಾಡಿದೆ. ಹೊರಗೆ ಏನೂ ಹೋಗಿಲ್ಲ ಸರಿ, ಆದರೆ ಯಾರ ಜೊತೆ ಯಾರು ಎಷ್ಟು ಫೋಟೋದಲ್ಲಿದ್ದಾರೆಂದು ಒಳಗೇ ಪಟ್ಟಿಯಾಗಿದೆ. (ಅತ್ತೆಯ ಹಳೇ ಫೋಟೋವನ್ನೂ ಮಗಳನ್ನೂ ಒಬ್ಬರೇ ಎಂದು ಗುಂಪು ಮಾಡಿದೆ. ಮೂಗು ಒಂದೇ, ಅದರ ತಪ್ಪಲ್ಲ.)

ದೊಡ್ಡ ಕಂಪನಿಗಳಿಗೆ ಮುಖವಿಲ್ಲ, ನಮ್ಮ ಫೋಟೋ ನೋಡಿ ಕೆರಳುವ ಮನುಷ್ಯರು ಅಲ್ಲಿಲ್ಲ. ಹದಿನೇಳರ ಹುಡುಗಿಗೆ ಅಮ್ಮನ ಕಣ್ಣಿಗಿಂತ ಕಂಪನಿಯ ಕಣ್ಣು ವಾಸಿ ಅನ್ನಿಸಿದರೆ ಅದರಲ್ಲಿ ಅರ್ಥವಿದೆ. ಸ್ವಂತ ಸರ್ವರ್ ಎಂದು ಕುಣಿಯುವ ನಮ್ಮಂಥವರು ಈ ಮಾತನ್ನು ಎತ್ತುವುದೇ ಇಲ್ಲ.

30 ನವೆಂಬರ್, ಭಾನುವಾರ

ಮಗಳೇ ದಾರಿ ಹುಡುಕಿದಳು. ಎಂಟೆ ಎಂಬ ಫೋಟೋ ತಂತ್ರಾಂಶ, ನಮ್ಮ ದೇಶದವರೇ ಶುರುಮಾಡಿದ್ದು. 2024ರಲ್ಲಿ ಸರ್ವರಿನ ಕೋಡನ್ನೂ ತೆರೆದಿಟ್ಟರು, ಹಾಗಾಗಿ ಮನೆಯಲ್ಲೇ ನಡೆಸಬಹುದು. ಚಿತ್ರ ಫೋನಿನಲ್ಲೇ ಬೀಗ ಹಾಕಿಕೊಂಡು ಹೊರಡುತ್ತದೆ. ಡಿಸ್ಕಿನಲ್ಲಿ ನನಗೆ ಸಿಗುವುದು ಅರ್ಥವಾಗದ ಕಸ. ಮುಖ ಗುರುತಿಸುವುದೂ ಅವಳ ಫೋನಿನೊಳಗೇ. ಪಾಸ್‌ವರ್ಡ್ ಮರೆತರೆ 24 ಪದಗಳ ಮರುಕೀಲಿಯೊಂದೇ ಗತಿ, ನಾನೂ ತೆರೆದುಕೊಡಲಾರೆ. ಅದನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಎಲ್ಲಿಟ್ಟಳೋ, ಕೇಳಲಿಲ್ಲ.

"ಹೋದ್ರೆ ಹೋಗುತ್ತೆ ಅಷ್ಟೇ" ಅಂದಳು. ನನ್ನ ಹೊಟ್ಟೆಯೊಳಗೆ ಚುರುಕ್ ಅಂದಿತು. ಒಪ್ಪಿಕೊಂಡೆ.

21 ಡಿಸೆಂಬರ್, ಭಾನುವಾರ

ಭತ್ತದ ಕೆಲಸ. ಯಂತ್ರದ ಕಡೆ ತಿರುಗಿ ನೋಡಿಲ್ಲ. ಓಡುತ್ತಿದೆ.

28 ಡಿಸೆಂಬರ್, ಭಾನುವಾರ

ಪದಗಳನ್ನು ಏನು ಮಾಡುವುದೆಂದು ಅತ್ತೆಯ ಜೊತೆ ಕೂತು ಮಾತಾಡಿದೆ. ಅವರು ಮೈಸೂರು ಆಕಾಶವಾಣಿ ಕೇಳಿಕೊಂಡೇ ಬೆಳೆದವರು. ಆ ನಿಲಯ ಶುರುವಾದದ್ದು ಒಬ್ಬರ ಮನೆಯಲ್ಲಿ ಎಂದರೆ ನಂಬಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ಆರು ವರ್ಷಕ್ಕೂ ಮಿಕ್ಕಿ ನಡೆಸಿ, 1942ರಲ್ಲಿ ಮೈಸೂರು ಸರ್ಕಾರಕ್ಕೆ ಒಪ್ಪಿಸಿದರು. ನನಗೆ ಇದರಲ್ಲಿ ಹಿಡಿಸುವುದು ಶುರುಮಾಡಿದ್ದಕ್ಕಿಂತ ಒಪ್ಪಿಸಿದ್ದು. ಮನೆಯಲ್ಲಿ ಒಬ್ಬರ ಕೈಯಿಂದ ನಡೆಯುವುದು ಆ ಕೈ ಇರುವವರೆಗೆ ಮಾತ್ರ. ಈ ಲ್ಯಾಪ್‌ಟಾಪಿನ ಗುಟ್ಟು ನನಗೊಬ್ಬಳಿಗೇ ಗೊತ್ತು. ನನಗೇನಾದರೂ ಆದರೆ ಇವರಿಗೆ ಅದನ್ನು ಆರಿಸಲೂ ಬರುವುದಿಲ್ಲ. ಅದಕ್ಕೇ ನನ್ನ ಪಾಸ್‌ವರ್ಡನ್ನೂ ನಡೆಸುವ ಕ್ರಮವನ್ನೂ ಕನ್ನಡದಲ್ಲಿ ಬರೆದು ಪಹಣಿ ಪತ್ರಗಳ ಜೊತೆ ಟ್ರಂಕಿಗೆ ಹಾಕಿದೆ.

ಸೋಬಾನೆ ಊರಿನದ್ದು, ಅದನ್ನು ನಮ್ಮ ಬೀರುವಿನ ಪಕ್ಕ ಕೊಳೆಹಾಕಬಾರದು. ಇಂಟರ್ನೆಟ್ ಆರ್ಕೈವಿನಲ್ಲಿ ಹಳೆಯ ಕನ್ನಡ ಪುಸ್ತಕಗಳು ಸಾವಿರಗಟ್ಟಲೆ ಇವೆ, ಅಲ್ಲಿಗೆ ಏರಿಸಬಹುದು ಎಂದೆ. ಅತ್ತೆ ಬಹಳ ಹೊತ್ತು ಲೆಕ್ಕ ಹಾಕಿದರು.

"ಪದ ಕೊಡು. ಪದ ನಮ್ದೇನಲ್ಲ, ನಮ್ಮವ್ವ ಹೇಳ್ಕೊಟ್ಟಿದ್ದು, ಅವ್ಳಿಗೆ ಇನ್ಯಾರೋ. ಮಧ್ಯ ನಾವು ಆಡ್ಕೊಂಡ ಮಾತು ಕೊಡ್ಬ್ಯಾಡ. ನಾನತ್ತಿದ್ದಂತೂ ಬ್ಯಾಡ."

ಅಳುವಿನ ತುಣುಕನ್ನು ಅಳಿಸಲಾ ಎಂದು ಕೇಳಿದೆ. ಅದೂ ಬೇಡವಂತೆ. ಇರಲಿ, ಮನೆಯಲ್ಲಿ.

18 ಜನವರಿ 2026, ಭಾನುವಾರ

ಸಂಕ್ರಾಂತಿಗೆ ಬಂದಿದ್ದ ತಂಗಿಯ ಕೈಯಲ್ಲಿ ಎರಡನೇ ಡಿಸ್ಕ್ ಹುಣಸೂರಿಗೆ ಹೋಯಿತು. ಎಲ್ಲದರ ಪ್ರತಿ, ಬೀಗ ಹಾಕಿದ್ದು. ಮನೆಗೆ ಸಿಡಿಲು ಬಡಿದರೂ ಕಳ್ಳ ನುಗ್ಗಿದರೂ ಅಲ್ಲೊಂದು ಇರುತ್ತದೆ. ಎರಡೂ ಒಂದೇ ಸೂರಿನಡಿ ಇದ್ದರೆ ಪ್ರತಿ ಮಾಡಿದ್ದಕ್ಕೆ ಅರ್ಥವಿಲ್ಲ. ಆರು ತಿಂಗಳಿಗೊಮ್ಮೆ ಬದಲಾಯಿಸಬೇಕು.

ಮಧ್ಯಾಹ್ನ ಪದಗಳನ್ನು ಏರಿಸಿದೆ. ಮಾತು ಕತ್ತರಿಸಿದ ಫ್ಲ್ಯಾಕ್ ಕಡತಗಳು. ಹಾಡಿದವರ ಹೆಸರಿನ ಜಾಗದಲ್ಲಿ ಏನು ಬರೆಯಲಿ ಎಂದರೆ, ಜೊತೆಗೆ ಹಾಡಿದವರಲ್ಲಿ ಕೆಲವರು ಈಗಿಲ್ಲ, ಅವರನ್ನು ಕೇಳದೆ ಹೆಸರು ಹಾಕಬೇಡ ಎಂದರು ಅತ್ತೆ. "ಸಾಲಿಗ್ರಾಮದ ಹೆಂಗಸರು" ಎಂದು ಹಾಕಿದ್ದೇನೆ.