ಮೂವತ್ತರಲ್ಲಿ ಒಂದು ಪಾಲು

ದೂರದ ಬೆಟ್ಟ ನುಣ್ಣಗೆ ಎನ್ನುತ್ತದೆ ಗಾದೆ. ಹತ್ತಿರ ಹೋದಾಗ ಕಾಣುವ ಒರಟೂ ಬೆಟ್ಟದ ಪೂರ್ತಿ ನಿಜವಲ್ಲ ಎಂಬ ಮಾತನ್ನು ಮಾತ್ರ ಅದು ಹೇಳುವುದಿಲ್ಲ. ಅದನ್ನು ಹೇಳುವುದಕ್ಕೆಂದೇ ಅಮೆರಿಕದ ನೈಋತ್ಯ ಭಾಗದ ಒಂದು ಬೆಟ್ಟದ ಬುಡದಲ್ಲಿ ಫಲಕ ನೆಡಬೇಕಾಯಿತು.

ನ್ಯೂ ಮೆಕ್ಸಿಕೊ ಎಂದೊಡನೆ ಕಣ್ಣಮುಂದೆ ಬರುವುದು ಮರಳುಗಾಡು, ಪಾಪಾಸುಕಳ್ಳಿ, ಮಣ್ಣಿನ ಗೋಡೆಯ ಮನೆಗಳು. ಅಲ್ಲಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕೂಡ ಉಂಟೆಂದರೆ ಯಾರಿಗಾದರೂ ಅಚ್ಚರಿಯೇ. ರಾಕಿ ಪರ್ವತಗಳ ದಕ್ಷಿಣದ ಕವಲಾದ ಸಾಂಗ್ರೆ ದೆ ಕ್ರಿಸ್ತೊ ಶ್ರೇಣಿ ಆ ರಾಜ್ಯದೊಳಕ್ಕೆ ಚಾಚಿಕೊಂಡಿದೆ. ಅದರ ಮಡಿಲಲ್ಲಿದೆ ಟಾವೋಸ್ ಸ್ಕೀ ವ್ಯಾಲಿ. ಕಣಿವೆಯ ಬುಡವೇ ಸುಮಾರು 2,800 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್ ಎಂಬುದನ್ನು ನೆನೆದರೆ ಅಂದಾಜು ಸಿಕ್ಕೀತು. ಮೇಲಿನ ಕಚೀನಾ ಶಿಖರ 3,800 ಮೀಟರನ್ನೂ ದಾಟುತ್ತದೆ.

ಟೆಕ್ಸಾಸ್‌ನ ಬಯಲಿನಿಂದ ಹನ್ನೆರಡು ವರ್ಷದ ಮಗಳೊಡನೆ ಮೊದಲ ಸಲ ಅಲ್ಲಿಗೆ ಬಂದಿದ್ದ ನಡುವಯಸ್ಸಿನವನೊಬ್ಬ. ಬೇರೆ ಕಡೆಯ ಸಣ್ಣ ಗುಡ್ಡಗಳಲ್ಲಿ ನಾಲ್ಕೈದು ಬಾರಿ ಜಾರಿದ ಅನುಭವವಿತ್ತು. 'ನನ್ನ ಹಿಂದೆ ಬಂದರೆ ಸಾಕು' ಎಂದು ದಾರಿಯುದ್ದಕ್ಕೂ ಮಗಳಿಗೆ ಧೈರ್ಯ ಹೇಳಿದ್ದ. ಕಾರಿನಿಂದಿಳಿದು ತಲೆ ಎತ್ತಿದಾಗ ಎದುರಿಗಿದ್ದದ್ದು 'ಆಲ್ಸ್ ರನ್' ಎಂಬ ಇಳಿಜಾರು. ಚೇರ್‌ಲಿಫ್ಟಿನ ತಂತಿಯ ಕೆಳಗೇ ಗೋಡೆಯಂತೆ ನಿಂತಿತ್ತು; ಮೈತುಂಬ ಹಿಮದ ಉಬ್ಬುತಗ್ಗು. ಎತ್ತರದ ತೆಳುಗಾಳಿಗೆ ಮೊದಲೇ ಏದುಸಿರು. ಧೈರ್ಯ ಹೇಳಿದವನ ಗಂಟಲು ಒಣಗಿತು. ಮಗಳು ಮಾತ್ರ ಪಕ್ಕದ ಫಲಕವನ್ನು ಓದಿ ನಕ್ಕಳು. ಗಾಬರಿಯಾಗಬೇಡಿ, ನೀವು ನೋಡುತ್ತಿರುವುದು ಬೆಟ್ಟದ ಮೂವತ್ತರಲ್ಲಿ ಒಂದು ಪಾಲು ಮಾತ್ರ, ಸುಲಭದ ದಾರಿಗಳೂ ಬೇಕಾದಷ್ಟಿವೆ ಎಂಬುದು ಅದರ ಸಾರಾಂಶ.

ಈ ತಾಣವನ್ನು 1955ರಲ್ಲಿ ಆರಂಭಿಸಿದವನು ಅರ್ನಿ ಬ್ಲೇಕ್. ಜರ್ಮನಿಯಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ಬೆಳೆದ ಯಹೂದಿ. ಹಿಟ್ಲರನ ಕಾಲದಲ್ಲಿ ಅಮೆರಿಕ ಸೇರಿ, ಯುದ್ಧದಲ್ಲಿ ಅಲ್ಲಿನ ಸೇನೆಯ ಗುಪ್ತಚರ ವಿಭಾಗಕ್ಕೆ ದುಡಿದವನು. ಹೆದರಿಕೆ ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಮ್ಮೆ ಕಡಿದಾದ ಜಾಗದಲ್ಲಿ ಕಾಲು ಕಂಪಿಸಿ ನಿಂತುಬಿಟ್ಟ ವಿದ್ಯಾರ್ಥಿನಿಗೆ ಕೆಳಗಿನಿಂದ ಮಾರ್ಟಿನಿ ತರಿಸಿ ಕುಡಿಸಿದನಂತೆ. ಆಕೆ ಸಲೀಸಾಗಿ ಇಳಿದಳು. ಆಮೇಲೆ ಬೆಟ್ಟದ ಕೆಲವು ಮರಗಳ ಬುಡದಲ್ಲಿ ಮಾರ್ಟಿನಿ ತುಂಬಿದ ಗಾಜಿನ ಹೂಜಿಗಳು ಅಡಗಿ ಕುಳಿತವು ಎಂಬ ಕಥೆ ಅಲ್ಲಿ ಪ್ರಸಿದ್ಧ.

ಟೆಕ್ಸಾಸ್‌ನವನಿಗೆ ಹೂಜಿ ಸಿಗಲಿಲ್ಲ, ಪಾಠ ಸಿಕ್ಕಿತು. ಬೆಳಗಿನ ತರಗತಿಯ ಶಿಕ್ಷಕಿ ನರೆಗೂದಲಿನ ಹೆಂಗಸು. ಆತ ಎರಡು ಬಾರಿ ಅಂಗಾತ ಬಿದ್ದದ್ದನ್ನು ನೋಡಿ, "ನೀವು ಬೆಟ್ಟವನ್ನು ಒರಗಿಕೊಳ್ಳಲು ನೋಡುತ್ತಿದ್ದೀರಿ, ಅದಕ್ಕೇ ಬೀಳುತ್ತೀರಿ" ಎಂದಳು. ಹೆದರಿದವನ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಆಗ ಸ್ಕೀಯ ಮುಂತುದಿಯ ಮೇಲಿನ ಭಾರ ತಪ್ಪುತ್ತದೆ, ಸ್ಕೀ ಹೇಳಿದ ಮಾತು ಕೇಳದೆ ಓಡುತ್ತದೆ. ಮೈಯನ್ನು ಕಣಿವೆಯ ಕಡೆಗೆ ಬಾಗಿಸಿ, ಕೆಳಗಿನ ಕಾಲಿನ ಮೇಲೆ ಭಾರ ಬಿಟ್ಟರೆ ಮಾತ್ರ ಅದು ತಿರುಗುತ್ತದೆ. ಯಾವ ಕಡೆಗೆ ಬೀಳುತ್ತೇವೆಂದು ಅಂಜುತ್ತೇವೋ ಆ ಕಡೆಗೇ ಬಾಗಬೇಕು ಎಂಬುದು ವಿಚಿತ್ರವಾದರೂ ಸತ್ಯ.

ಮಗಳಿಗೆ ಇದು ಅರ್ಧ ಗಂಟೆಯಲ್ಲಿ ಬಂತು. ತಂದೆಗೆ ಮಧ್ಯಾಹ್ನವಾಯಿತು. ಊಟವಾದ ಮೇಲೆ ಇಬ್ಬರೂ ಲಿಫ್ಟ್ ಹತ್ತಿ ಮೇಲಿನಿಂದ 'ವೈಟ್ ಫೆದರ್' ಎಂಬ ಹಸಿರು ಗುರುತಿನ ಸುಲಭದ ದಾರಿ ಹಿಡಿದರು. ಇಂಗ್ಲಿಷರ ರೂಢಿಯಲ್ಲಿ ಬಿಳಿ ಗರಿ ಎಂದರೆ ಹೇಡಿಯ ಕೈಗೆ ಕೊಡುವ ಗುರುತು. ಬೆಳಿಗ್ಗೆಯಾಗಿದ್ದರೆ ಆ ಹೆಸರು ಆತನಿಗೆ ಚುಚ್ಚುತ್ತಿತ್ತೇನೋ. ಈಗ ಮಗಳು ಮುಂದೆ, ಆತ ಹಿಂದೆ. ಕಾಡಿನಂಚಿನ ದಾರಿಯಲ್ಲಿ ಪುಡಿಹಿಮದ ಸದ್ದೊಂದೇ. ಬಾಗುವುದನ್ನು ಕಲಿತವನಿಗೆ ಹಿಂದೆ ಬರುವುದು ಅವಮಾನವೆನಿಸಲಿಲ್ಲ.

ಸಂಜೆ ಬೆಟ್ಟದ ನಕಾಶೆ ಹರವಿಕೊಂಡ ಮಗಳ ಬೆರಳು ಎತ್ತರದ ಅಂಚಿನ ಕಠಿಣ ಇಳಿಜಾರುಗಳ ಮೇಲೆ ನಿಂತಿತು: ಸ್ಟಾಫೆನ್‌ಬರ್ಗ್, ಟ್ರೆಸ್ಕೊ, ಓಸ್ಟರ್, ಫೇಬಿಯನ್. "ಅಪ್ಪಾ, ಇವರೆಲ್ಲ ಸ್ಕೀ ಚಾಂಪಿಯನ್ನರೇ?"

ಅಲ್ಲ. ಹಿಟ್ಲರನನ್ನು ಮುಗಿಸಲು ಸಂಚು ಹೂಡಿದ ಜರ್ಮನರು. 1944ರ ಜುಲೈ 20ರಂದು ಸ್ಟಾಫೆನ್‌ಬರ್ಗ್ ಇಟ್ಟ ಬಾಂಬು ಸಿಡಿದರೂ ಹಿಟ್ಲರ್ ಉಳಿದುಕೊಂಡ. ಅದೇ ರಾತ್ರಿ ಸ್ಟಾಫೆನ್‌ಬರ್ಗನನ್ನು ಗುಂಡಿಕ್ಕಿ ಕೊಂದರು. ಟ್ರೆಸ್ಕೊ ಮರುದಿನ ಪ್ರಾಣ ಕಳೆದುಕೊಂಡ, ಓಸ್ಟರನನ್ನು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಿದರು. ಬದುಕುಳಿದವನು ಫೇಬಿಯನ್ ಒಬ್ಬನೇ. ಗೆದ್ದವರ ಹೆಸರನ್ನು ಯಾರಾದರೂ ಇಡುತ್ತಾರೆ. ಬ್ಲೇಕ್ ತನ್ನ ಬೆಟ್ಟದ ಅತಿ ಕಠಿಣ ದಾರಿಗಳಿಗೆ ಇಟ್ಟದ್ದು ಸೋಲು ಕಣ್ಣೆದುರಿಗಿದ್ದರೂ ಹಿಂದಕ್ಕೆ ವಾಲದವರ ಹೆಸರನ್ನು. ಬ್ಲೇಕ್ 1989ರಲ್ಲಿ ತೀರಿಕೊಂಡ. ಹೆಸರುಗಳು ಅಲ್ಲೇ ಇವೆ, ಪ್ರತಿ ಚಳಿಗಾಲವೂ ಅವುಗಳ ಮೇಲೆ ಹೊಸ ಹಿಮ ಬೀಳುತ್ತದೆ.